ಕೇಳಾಕ ಬಂದೀರೋ, ಹೇಳಾಕ ಬಂದೀರೋ? ವಯಸ್ಸಾದ ಅಪ್ಪ-ಅವ್ವನ ಜೊತೆ ಮಾತಾಡುವ ಬಗೆ

ಅಪ್ಪನಿಗೆ ಈಗ 77, ಅವ್ವನಿಗೆ 71. ಇಬ್ಬರೂ ಬಾಗಲಕೋಟೆಯ ನವನಗರದಲ್ಲಿ ಇದ್ದಾರೆ. ನಾನು ಬೆಳಗಾವಿಯಲ್ಲಿ, ತಮ್ಮ ಪುಣೆಯಲ್ಲಿ. ಮೂರು ವರ್ಷದ ಹಿಂದೆ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಆಗ ನಾನೂ ತಮ್ಮನೂ ಎಂಟು ದಿನ ಫೋನಿನಲ್ಲೇ ಮಾತಾಡಿ ಎಲ್ಲಾ ಮುಗಿಸಿಬಿಟ್ಟೆವು. ಬೆಳಗಾವಿಯಲ್ಲಿ ನಮ್ಮ ಮನೆ ಹತ್ತಿರ ಎರಡನೇ ಮಹಡಿಯಲ್ಲಿ ಒಂದು ಬಾಡಿಗೆ ಮನೆ ನೋಡಿದೆವು, ಅಡ್ವಾನ್ಸ್ ಕೊಟ್ಟೆವು, ಸಾಮಾನು ತರಲು ಗಾಡಿಯವನಿಗೂ ಹೇಳಿ ಇಟ್ಟೆವು. ಆಮೇಲೆ ಒಂದು ರವಿವಾರ ಬಾಗಲಕೋಟೆಗೆ ಹೋಗಿ ಅಪ್ಪನ ಮುಂದೆ ಕೂತು ವಿಷಯ ಹೇಳಿದೆವು. ಅಪ್ಪ ಪೂರಾ ಕೇಳಿಸಿಕೊಂಡರು. "ತಂಗಿ, ನೀವು ಕೇಳಾಕ ಬಂದೀರೋ, ಹೇಳಾಕ ಬಂದೀರೋ?" ಅಂದರು. ಎದ್ದು ಒಳಗೆ ಹೋದರು.

ಈ ಮಾತು ಎಲ್ಲಿ ನಾಟಿತು ಅಂತ ಬಾಗಲಕೋಟೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಲಮಟ್ಟಿ ಹಿನ್ನೀರು ಘಟಪ್ರಭೆಯಲ್ಲಿ ಏರಿ ಹಳೇ ಊರಿನೊಳಗೆ ಬಂದಾಗ ನಮ್ಮ ಮನೆಯೂ ಮುಳುಗಡೆಗೆ ಹೋಯಿತು. ಅಪ್ಪ ಹುಟ್ಟಿದ ಮನೆ ಅದು. ನೋಟೀಸು ಬಂತು, ಅಳತೆ ಆಯಿತು, ಬಿಡಬೇಕಾಯಿತು. ಆ ಮನೆಯ ತಲಬಾಗಿಲನ್ನು ಬಿಚ್ಚಿಕೊಂಡು ಬಂದು ನವನಗರದ ಹೊಸ ಮನೆಗೆ ಹಚ್ಚಿಸಿದರು. ಅಣೆಕಟ್ಟೆಯ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ಸುದ್ದಿ ಪೇಪರಿನಲ್ಲಿ ಬಂದರೆ ಈಗಲೂ ಎರಡೆರಡು ಸಲ ಓದುತ್ತಾರೆ. ಅಂಥವರ ಮುಂದೆ ಕೂತು ನಾವು ಮತ್ತೊಮ್ಮೆ ಸಾಮಾನು ಕಟ್ಟಿರಿ ಅಂದಿದ್ದೆವು.

ಅಪ್ಪ ಕೇಳಿದ ಆ ಪ್ರಶ್ನೆಯನ್ನು ನಾನು ಈಗ ಅವರ ಜೊತೆ ಯಾವ ವಿಷಯ ಎತ್ತುವ ಮುಂಚೆಯೂ ನನಗೆ ನಾನೇ ಕೇಳಿಕೊಳ್ಳುತ್ತೇನೆ. ಕೇಳಲು ಹೋಗುತ್ತಿದ್ದೇನಾ, ಹೇಳಲು ಹೋಗುತ್ತಿದ್ದೇನಾ? ಹೇಳಲು ಅಂತಾದರೆ ಅವತ್ತು ಆ ಮಾತು ಎತ್ತುವುದಿಲ್ಲ. ಈ ಮೂರು ವರ್ಷದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಊರಲ್ಲಿ ಅಪ್ಪ-ಅವ್ವ, ಹೊರಗೆ ಮಕ್ಕಳು, ಇಂಥ ಮನೆಗಳು ನಮ್ಮ ಕಡೆಯ ಜಿಲ್ಲೆಗಳಲ್ಲಿ ಬಹಳ ಇವೆ. ಯಾರಿಗಾದರೂ ಉಪಯೋಗ ಆಗಬಹುದು.

ಅಪಾಯ ಯಾವುದು, ನಮಗೆ ಹಿಡಿಸದ್ದು ಯಾವುದು

ಮೊದಲು ಇದನ್ನು ಬೇರೆ ಮಾಡಿಕೊಳ್ಳಿ. ನಿಮ್ಮ ಅಪ್ಪ-ಅವ್ವನ ಬಗ್ಗೆ ನಿಮಗಿರುವ ಚಿಂತೆಗಳನ್ನೆಲ್ಲಾ ಒಂದು ಹಾಳೆಯಲ್ಲಿ ಬರೆಯಿರಿ. ನನ್ನ ಹಾಳೆಯಲ್ಲಿ ಹನ್ನೊಂದು ಇದ್ದವು. ಒದ್ದೆ ಬಚ್ಚಲು, ರಾತ್ರಿ ಕತ್ತಲಲ್ಲಿ ಪಾಯಖಾನೆಗೆ ಹೋಗುವುದು, ಸಂಜೆ ಹೊತ್ತು ಅಪ್ಪ ಗಾಡಿ ಓಡಿಸುವುದು, ಶುಗರ್ ಗುಳಿಗೆ ನುಂಗಿ ಅವ್ವ ಶ್ರಾವಣ ಸೋಮವಾರ ಉಪವಾಸ ಮಾಡುವುದು, ಈ ನಾಲ್ಕು ನಿಜವಾದ ಅಪಾಯ. ಉಳಿದ ಏಳು? ಅಪ್ಪ ಹಳೇ ಪೇಪರುಗಳನ್ನು ಕಟ್ಟು ಕಟ್ಟಿ ಇಡುತ್ತಾರೆ. ಅವ್ವ ಮಿಕ್ಸರ್ ಇದ್ದರೂ ಶೇಂಗಾ ಹಿಂಡಿಯನ್ನು ಒಳಕಲ್ಲಲ್ಲೇ ಕುಟ್ಟುತ್ತಾಳೆ. ಹರಿದ ಕೌದಿ ಎಸೆಯುವುದಿಲ್ಲ. ಹೊಸ ಟಿವಿ ಬೇಡ ಅನ್ನುತ್ತಾರೆ. ಇವೆಲ್ಲ ನನಗೆ ಹಿಡಿಸದ ಸಂಗತಿಗಳು, ಅಷ್ಟೇ. ಅವರ ಮನೆ, ಅವರ ಪದ್ಧತಿ.

ಆ ಏಳರ ಬಗ್ಗೆ ಮಾತಾಡುವುದನ್ನು ಪೂರಾ ಬಿಟ್ಟೆ. ಎಲ್ಲದಕ್ಕೂ ತಕರಾರು ತೆಗೆಯುವ ಮಗಳು ಬಚ್ಚಲ ಬಗ್ಗೆ ಹೇಳಿದರೂ ಅದು ಹನ್ನೊಂದರಲ್ಲಿ ಒಂದು ತಕರಾರಾಗಿ ಹೋಗುತ್ತದೆ. ನಾಲ್ಕೇ ಮಾತು ಆಡುವ ಮಗಳ ಮಾತಿಗೆ ಕಿವಿ ಕೊಡುತ್ತಾರೆ.

ಇಬ್ಬರನ್ನೂ ಬೇರೆ ಬೇರೆ ಕೇಳಿ

ಇದನ್ನು ನಾನು ತಡವಾಗಿ ಕಲಿತೆ, ನೀವು ಬೇಗ ಕಲಿಯಿರಿ. ಅಪ್ಪ ಮುಂದಿದ್ದಾಗ ಅವ್ವನನ್ನು ಏನೇ ಕೇಳಿದರೂ "ನಿಮ್ಮಪ್ಪ ಹೆಂಗ ಅಂತಾರ ಹಂಗ" ಅನ್ನುತ್ತಾಳೆ. ಐವತ್ತು ವರ್ಷದ ರೂಢಿ ಅದು. ಅವಳ ಮನಸ್ಸು ಅದೇ ಅಂತ ನಾವು ತಿಳಿದುಕೊಂಡು ಮುಂದೆ ಹೋಗುತ್ತೇವೆ.

ಆ ರವಿವಾರ ಆಗಿ ಒಂದು ತಿಂಗಳಿಗೆ ನಾನೊಬ್ಬಳೇ ಹೋದೆ. ಮಧ್ಯಾಹ್ನ ಅಪ್ಪ ಮಲಗಿದ್ದರು. ಅವ್ವನ ಜೊತೆ ಅಡುಗೆಮನೆಯಲ್ಲಿ ಜೋಳ ಹಸನು ಮಾಡುತ್ತಾ ಕೂತೆ. ಕೈಗೆ ಕೆಲಸ ಇದ್ದಾಗ, ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲದಾಗ, ನಮ್ಮ ಅವ್ವಂದಿರು ಮಾತಾಡುತ್ತಾರೆ. "ಬೆಳಗಾವಿಗೆ ಬರೂದು ನಿನಗ ಬ್ಯಾಡೇನ ಬೇ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, ಬೆಳಗಾವಿ ಬಗ್ಗೆ ತನಗೆ ಬೇಸರವೇನಿಲ್ಲ, ಆದರೆ ಎರಡು ಮಹಡಿ ಹತ್ತಿ ಇಳಿಯುವುದು ತನ್ನ ಮೊಣಕಾಲಿಗೆ ಆಗುವುದಿಲ್ಲ, ಹತ್ತಿದರೆ ಮತ್ತೆ ಇಳಿಯುವುದೇ ಇಲ್ಲ. ಇನ್ನೊಂದು ಮಾತು, ಮುರಿದ ಕೈ ಕೂಡಿಕೊಂಡರೂ ರೊಟ್ಟಿ ಬಡಿಯುವಾಗ ನೋಯುತ್ತದೆ, ದಿನಾ ಎರಡು ಹೊತ್ತು ಬಡಿಯಲು ಆಗುತ್ತಿಲ್ಲ. "ನಿಮ್ಮಪ್ಪಗ ಹೇಳಿಲ್ಲ. ಬಿಸಿ ರೊಟ್ಟಿ ಬೇಕ ಅವರಿಗೆ."

ನಾವು ಮನೆ ಬದಲಿಸಲು ಹೊರಟಿದ್ದೆವು. ಅವ್ವನಿಗೆ ಕಷ್ಟ ಆಗಿದ್ದದ್ದು ರೊಟ್ಟಿ.

ಅವ್ವನ ಒಪ್ಪಿಗೆ ಕೇಳಿಯೇ ಅಪ್ಪನ ಮುಂದೆ ಈ ಮಾತು ಎತ್ತಿದೆ. ಅಪ್ಪ ಒಂದು ಮಾತೂ ಎದುರು ಆಡಲಿಲ್ಲ. ಈಗ ಹತ್ತಿರದ ಓಣಿಯ ಒಬ್ಬ ಹೆಣ್ಣುಮಗಳು ರೊಟ್ಟಿ ಮಾಡಿ ಕೊಡುತ್ತಾಳೆ, ಖಡಕ್ ರೊಟ್ಟಿಯೂ ಮನೆಯಲ್ಲಿ ಇರುತ್ತದೆ. ಮುಂಜಾನೆ ಒಂದು ಹೊತ್ತು ಮನಸ್ಸಿದ್ದರೆ ಅವ್ವ ಎರಡು ಬಿಸಿ ರೊಟ್ಟಿ ಬಡಿಯುತ್ತಾಳೆ. ದೊಡ್ಡ ಪರಿಹಾರ ಹೊತ್ತುಕೊಂಡು ಹೋಗುವ ಮುಂಚೆ ದಿನದಲ್ಲಿ ಯಾವ ಹೊತ್ತು, ಯಾವ ಕೆಲಸ ಅವರಿಗೆ ಭಾರ ಆಗುತ್ತಿದೆ ಅಂತ ವಿಚಾರಿಸಿ. ಕೇಳುವಾಗ "ನಿನಗ ಆಗಂಗಿಲ್ಲ ಅಲ್ಲ?" ಅಂತ ಕೇಳಬೇಡಿ. "ಯಾವ ಕೆಲಸ ಮಾಡಿದ ಮ್ಯಾಲೆ ಜಾಸ್ತಿ ದಣಿವು ಆಗತೈತಿ?" ಅಂತ ಕೇಳಿ. ಮೊದಲನೆಯದಕ್ಕೆ ಯಾರೇ ಆದರೂ "ಆಗತೈತಿ ಬಿಡು" ಅಂತಲೇ ಉತ್ತರ ಕೊಡುತ್ತಾರೆ.

ಯಾವಾಗ ಮಾತಾಡಬೇಕು, ಹೇಗೆ

ಬಂಧುಗಳ ಮುಂದೆ ಬೇಡ. ಮದುವೆ ಮನೆ, ಜಾತ್ರೆ, ಹಬ್ಬದ ಊಟದ ಹೊತ್ತು ಬೇಡ. ಎಲ್ಲರೂ ಸೇರಿದ್ದೇವೆ, ಈಗಲೇ ಮುಗಿಸೋಣ ಅಂತ ನಮಗೆ ಅನಿಸುತ್ತದೆ. ಅವರಿಗೆ ಅದು ಪಂಚಾಯತಿ ಕೂಡಿಸಿದ ಹಾಗೆ. ಸಂಜೆ ಚಹಾ ಆದ ಮೇಲೆ, ಒಬ್ಬರೋ ಇಬ್ಬರೋ ಇದ್ದಾಗ, ಒಂದು ಸಲಕ್ಕೆ ಒಂದೇ ವಿಷಯ. ಉತ್ತರ ಅವತ್ತೇ ಬೇಕು ಅಂತ ಕೂಡಬೇಡಿ. "ವಿಚಾರ ಮಾಡ್ರಿ, ಮುಂದಿನ ಸಲ ಬಂದಾಗ ಮಾತಾಡೂಣು" ಅಂತ ಬಿಟ್ಟು ಬನ್ನಿ. ನಮ್ಮ ಅಪ್ಪ ಮೊದಲ ಸಲ ಯಾವುದಕ್ಕೂ ಹೂಂ ಅಂದವರಲ್ಲ. ಹದಿನೈದು ದಿನ ಬಿಟ್ಟರೆ ತಾವೇ ಆ ಮಾತು ತೆಗೆಯುತ್ತಾರೆ, ಅದೂ ತಮ್ಮದೇ ವಿಚಾರ ಎಂಬಂತೆ. ಇರಲಿ ಬಿಡಿ. ಅದು ಅವರದೇ ವಿಚಾರ ಆಗುವುದೇ ನಮಗೆ ಬೇಕಾದದ್ದು.

ಕಿವಿಯ ವಿಷಯ ಸ್ವಲ್ಪ ಹೇಳಬೇಕು, ಯಾಕಂದರೆ ಅರ್ಧ ಜಗಳ ಇಲ್ಲೇ ಹುಟ್ಟುತ್ತದೆ. ವಯಸ್ಸಾದಂತೆ ಕಿವಿಗೆ ಮೊದಲು ತಪ್ಪುವುದು ತೆಳುವಾದ, ಚೂಪಾದ ದನಿಗಳು. ಸ, ಶ, ಫ ದಂಥ ಅಕ್ಷರಗಳು ಕರಗಿ ಹೋಗುತ್ತವೆ. ಹೆಂಗಸರ, ಮಕ್ಕಳ ದನಿ ಗಂಡಸರ ದನಿಗಿಂತ ಕಷ್ಟ. ಮಾತು ಕೇಳುತ್ತದೆ, ಆದರೆ ತಿಳಿಯುವುದಿಲ್ಲ. ಆಗ ನಾವು ಚೀರುತ್ತೇವೆ. ಚೀರಿದರೆ ಶಬ್ದ ಇನ್ನೂ ಕಲಸುತ್ತದೆ, ಮೇಲಾಗಿ ಬೈದಂತೆ ಕಾಣುತ್ತದೆ. ಟಿವಿ ಆರಿಸಿ. ಫ್ಯಾನ್ ಸದ್ದು ಜಾಸ್ತಿ ಇದ್ದರೆ ಅದನ್ನೂ ಕಡಿಮೆ ಮಾಡಿ. ನಿಮ್ಮ ಮುಖಕ್ಕೆ ಬೆಳಕು ಬೀಳುವ ಹಾಗೆ ಎದುರು ಕೂತು, ತುಟಿ ಕಾಣುವ ಹಾಗೆ, ದನಿ ಸ್ವಲ್ಪ ದಪ್ಪ ಮಾಡಿ ನಿಧಾನ ಮಾತಾಡಿ. ತಿಳಿಯಲಿಲ್ಲ ಅಂದರೆ ಅದೇ ಮಾತನ್ನು ಮೂರು ಸಲ ಹೇಳುವ ಬದಲು ಬೇರೆ ಶಬ್ದದಲ್ಲಿ ಹೇಳಿ. "ಇರಲಿ ಬಿಡ್ರಿ, ಏನಿಲ್ಲ" ಅಂತ ಮಾತ್ರ ಯಾವತ್ತೂ ಅನ್ನಬೇಡಿ. ಆ ಮಾತು ಕೇಳಿಸಿಕೊಂಡವರು ಮುಂದಿನ ಸಲ ಕೇಳುವುದನ್ನೇ ಬಿಡುತ್ತಾರೆ, ಮೂಲೆಯಲ್ಲಿ ಸುಮ್ನೆ ಕೂತುಬಿಡುತ್ತಾರೆ.

ನೀ, ನೀವು ಬಗ್ಗೆ ಬೆಂಗಳೂರು ಕಡೆಯ ಗೆಳತಿಯೊಬ್ಬಳು ಕೇಳಿದ್ದಳು, ಅವ್ವನಿಗೆ ನೀ ಅನ್ನುತ್ತೀಯಲ್ಲ ಅಂತ. ನಮ್ಮ ಕಡೆ ಅವ್ವನಿಗೆ ನೀ, ಬೇ ಅನ್ನುವುದು ಸಲಿಗೆ. ಅದರಲ್ಲಿ ಅಗೌರವ ಇಲ್ಲ. ನೀವು, ರೀ ಹಚ್ಚಿಯೂ ಮನಸ್ಸು ಮುರಿಯುವ ಮಾತು ಆಡಬಹುದು: "ನಿಮಗ ತಿಳಿಯಂಗಿಲ್ರಿ, ಸುಮ್ಮನ ಕೂಡ್ರಿ." ಇದನ್ನು ಕೇಳಿದ ಹಿರಿಯರಿಗೆ ಆ ರೀ ಎಲ್ಲಿ ಕೇಳಿಸುತ್ತದೆ?

ಇನ್ನು ದಿನದ ಫೋನು. ನನ್ನ ಫೋನು ಬಹಳ ದಿನ ಮೂರೇ ಪ್ರಶ್ನೆಯದಾಗಿತ್ತು. ಗುಳಿಗಿ ತಗೊಂಡ್ರಿ? ಶುಗರ್ ಎಷ್ಟು ಬಂತು? ಊಟ ಆತು? ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು, ಜೀವನಪೂರ್ತಿ ಮಕ್ಕಳ ಹಾಜರಿ ಕರೆದವರು. ಈಗ ಅವರ ಹಾಜರಿಯನ್ನು ನಾನು ಕರೆಯುತ್ತಿದ್ದೆ. ಅದನ್ನು ನಿಲ್ಲಿಸಿ ಅವರಿಂದ ಏನಾದರೂ ಬೇಕಾಗಿ ಫೋನ್ ಮಾಡಲು ಶುರು ಮಾಡಿದೆ. ಸುಳ್ಳು ಸುಳ್ಳೇ ಕೇಳಬಾರದು, ನಿಜವಾಗಿ ಬೇಕಾದದ್ದನ್ನೇ ಕೇಳಬೇಕು. ನನ್ನ ಮಗನಿಗೆ ಕನ್ನಡದ ಸಂಧಿ-ಸಮಾಸ ನನಗೆ ಹೇಳಿಕೊಡಲು ಬರುವುದಿಲ್ಲ. ಈಗ ವಾರಕ್ಕೆ ಮೂರು ಸಂಜೆ ಅಪ್ಪ ವಿಡಿಯೋ ಕಾಲಿನಲ್ಲಿ ಅವನಿಗೆ ಕಲಿಸುತ್ತಾರೆ. ಆ ಹೊತ್ತಿಗೆ ಅಂಗಿ ಬದಲಿಸಿ, ಕನ್ನಡಕ ಒರೆಸಿ ಕೂಡುತ್ತಾರೆ. ಗುಳಿಗೆ ವಿಷಯ ಅವರೇ ಮಾತಿನ ನಡುವೆ ಹೇಳುತ್ತಾರೆ.

ಮನೆಯಲ್ಲಿ ಏನಾದರೂ ಬದಲಿಸುವಾಗ

ಅವ್ವ ಬಿದ್ದ ಮೇಲೆ ತಮ್ಮ ಬಂದು, ಅವರಿಬ್ಬರೂ ದವಾಖಾನೆಗೆ ಹೋದಾಗ ಬಚ್ಚಲ ಗೋಡೆಗೆ ಸ್ಟೀಲಿನ ಹಿಡಿಕೆ ಹಾಕಿಸಿ ಹೋಗಿದ್ದ. ಒಳ್ಳೆಯ ಮನಸ್ಸಿನಿಂದಲೇ. ಮುಂದಿನ ತಿಂಗಳು ನಾನು ಹೋದಾಗ ಆ ಹಿಡಿಕೆಯ ಮೇಲೆ ಒದ್ದೆ ಟವೆಲ್ ಒಣಗುತ್ತಿತ್ತು. ಅವ್ವನ ಕೈಗೆ ಅದು ಎಟುಕುವ ಜಾಗದಲ್ಲಿ ಇರಲಿಲ್ಲ, ಅಪ್ಪನಿಗೆ ಅದು ಯಾಕೆ ಇದೆ ಅಂತಲೇ ಸಿಟ್ಟು.

ಎರಡನೇ ಸಲ ಬೇರೆ ಥರ ಮಾಡಿದೆವು. ಅವ್ವನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ, ಒಣ ನೆಲದ ಮೇಲೆಯೇ, ದಿನಾ ಹೇಗೆ ಕೂಡುತ್ತೀ ಹೇಗೆ ಏಳುತ್ತೀ ತೋರಿಸು ಅಂದೆ. ಏಳುವಾಗ ಅವಳ ಎಡಗೈ ತಾನಾಗಿಯೇ ಗೋಡೆಗೆ ಹೋಗಿ ಊರಿತು. ಅಲ್ಲೇ ಸೀಸಕಡ್ಡಿಯಿಂದ ಗುರುತು ಹಾಕಿದೆ. ಗೌಂಡಿ ಬಂದಾಗ ಅಪ್ಪನೇ ಮುಂದೆ ನಿಂತು ಹಾಕಿಸಿದರು. ನುಣುಪಾದ ಟೈಲ್ಸಿನ ಮೇಲೆ ಒರಟು ಮ್ಯಾಟು, ಕೂತು ಸ್ನಾನ ಮಾಡಲು ಜಾರದ ಕಾಲಿನ ಸ್ಟೂಲು, ಹಾಸಿಗೆಯಿಂದ ಪಾಯಖಾನೆಯವರೆಗೆ ಸಣ್ಣ ನೈಟ್ ಲೈಟು. ದೊಡ್ಡ ಖರ್ಚಿನ ಕೆಲಸಗಳಲ್ಲ. ಬಾಗಿಲ ಚಿಲಕ ಹೊರಗಿನಿಂದಲೂ ತೆಗೆಯಲು ಬರುವ ಹಾಗೆ ಇದ್ದರೆ ಒಳ್ಳೆಯದು. ಒಳಗೆ ಬಿದ್ದರೆ ಬಾಗಿಲು ಒಡೆಯುವ ಪ್ರಸಂಗ ಬರುವುದಿಲ್ಲ. ಇದನ್ನು ಅವರಿಗೆ ಹೇಳಿಯೇ ಮಾಡಿ. ಬಚ್ಚಲ ಬಾಗಿಲು ಅಂದರೆ ಅವರ ಮಾನದ ವಿಷಯ.

ರಾತ್ರಿ ಬೀಳುವುದಕ್ಕೆ ಇನ್ನೊಂದು ಕಾರಣ ಇದೆ. ಮಲಗಿದವರು ಥಟ್ಟನೆ ಎದ್ದು ನಿಂತರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ವಯಸ್ಸಾದವರಲ್ಲಿ, ಅದರಲ್ಲೂ ಬಿಪಿ ಗುಳಿಗೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ಎದ್ದು ಒಂದು ನಿಮಿಷ ಹಾಸಿಗೆ ಅಂಚಿನಲ್ಲೇ ಕೂತು ಆಮೇಲೆ ನಿಲ್ಲಬೇಕು. ಈ ಕಾರಣ ಬಿಡಿಸಿ ಹೇಳಿದ ಮೇಲೆ ಅಪ್ಪ ತಪ್ಪದೆ ಪಾಲಿಸುತ್ತಾರೆ. "ಸಾವಕಾಶ ಏಳ್ರಿ" ಅಂತ ಬರೀ ಹೇಳಿದಾಗ ಎಂದೂ ಪಾಲಿಸಿರಲಿಲ್ಲ. ಅವರಿಗೆ ಕಾರಣ ಕೊಡಿ. ಅವರೂ ವಿಚಾರ ಮಾಡಬಲ್ಲ ದೊಡ್ಡವರು ಅಲ್ವಾ?

ಊಟ, ಉಪವಾಸದ ವಿಷಯದಲ್ಲೂ ಅಷ್ಟೇ. ಉಪವಾಸ ಬಿಡು ಅಂತ ಅವ್ವನ ಜೊತೆ ಎರಡು ವರ್ಷ ಜಗಳವಾಡಿದೆ, ಬಿಡಲಿಲ್ಲ. ಕೊನೆಗೆ ಡಾಕ್ಟರ ಹತ್ತಿರ ಅವಳೇ ಕೇಳಿದಳು, ಸೋಮವಾರ ಗುಳಿಗೆ ಹೇಗೆ ತಗೊಳ್ಳಲಿ ಅಂತ. ಅವರು ಅವತ್ತಿನ ಗುಳಿಗೆ ಬದಲಿಸಿ ಬರೆದುಕೊಟ್ಟರು. ಕೆಲವು ಶುಗರ್ ಗುಳಿಗೆ ಖಾಲಿ ಹೊಟ್ಟೆಯಲ್ಲಿ ಶುಗರನ್ನು ಪೂರಾ ಕೆಳಗೆ ಇಳಿಸುತ್ತವೆ. ಮೈ ಬೆವರಿ, ಕೈ ನಡುಗಿ, ಮಾತು ತಡವರಿಸಿದರೆ ಕೂಡಲೇ ಸಕ್ಕರೆ ನೀರು ಕುಡಿಯಬೇಕು ಅಂತ ಈಗ ಇಬ್ಬರಿಗೂ ಗೊತ್ತು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, 108ಕ್ಕೆ ಫೋನ್ ಮಾಡಬೇಕು. ಇನ್ನು ಅಮೀನಗಡದ ಕರದಂಟು ಯಾರಾದರೂ ತಂದರೆ ಅಪ್ಪ ಒಂದು ತುಂಡು ತಿನ್ನುತ್ತಾರೆ. ಅವರ ಕೈಯಿಂದ ಕಸಿದುಕೊಳ್ಳಲು ನಾನು ಯಾರು? ಕದ್ದು ತಿನ್ನುವ ಪಾಳಿ ಅವರಿಗೆ ಬರಬಾರದು.

ಗಾಡಿ ಕೀಲಿ

ಅಪ್ಪನ ಟಿವಿಎಸ್ ಎಕ್ಸೆಲ್. ನವನಗರದಿಂದ ಹಳೇ ಊರಿನ ಪೇಟೆಗೆ ಹೋಗಿ ಗೆಳೆಯರ ಜೊತೆ ಕಟ್ಟೆಯಲ್ಲಿ ಕೂತು ಬರುವುದು ಅವರ ದಿನದ ಉಸಿರು. ಒಂದು ಸಂಜೆ ಎಮ್ಮೆಗೆ ತಾಗಿಸಿ ಬಿದ್ದರು, ಮೊಣಕೈ ತರಚಿತು. ತಮ್ಮ ಕೀಲಿ ತೆಗೆದು ಬಚ್ಚಿಡು ಅಂದ. ನಾನು ಬೇಡ ಅಂದೆ. ಕೀಲಿ ಬಚ್ಚಿಟ್ಟರೆ ಅವರು ಗಾಡಿ ಬಿಡಬಹುದು, ಆದರೆ ನಮ್ಮನ್ನು ನಂಬುವುದನ್ನೂ ಬಿಡುತ್ತಾರೆ.

ಹಾಗಾದರೆ ಏನು ಮಾಡಬೇಕು? ಏನಾಯಿತು ಅಂತ ಅವರಿಂದಲೇ ಹೇಳಿಸಬೇಕು. ಅಪ್ಪ ಹೇಳಿದರು, ಎದುರು ಬಂದ ಲಾರಿಯ ಲೈಟು ಕಣ್ಣಿಗೆ ಹೊಡೆದು ಸ್ವಲ್ಪ ಹೊತ್ತು ಏನೂ ಕಾಣಲಿಲ್ಲ ಅಂತ. ಕಣ್ಣಿನ ಡಾಕ್ಟರಿಗೆ ತೋರಿಸಿದರೆ ಎರಡೂ ಕಣ್ಣಲ್ಲಿ ಮೋತಿಬಿಂದು, ಅಂದರೆ ಪೊರೆ. ಒಂದಾದ ಮೇಲೊಂದು ಆಪರೇಷನ್ ಆಯಿತು. ಕತ್ತಲಾದ ಮೇಲೆ ಓಡಿಸುವುದಿಲ್ಲ, ಹೈವೇಗೆ ಹೋಗುವುದಿಲ್ಲ ಅಂತ ಅವರೇ ನಿರ್ಧಾರ ಮಾಡಿದರು. ಆ ನಿರ್ಧಾರ ನಾನು ಹೇರಿದ್ದರೆ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಲೈಸನ್ಸ್ ನವೀಕರಿಸುವಾಗ 40 ದಾಟಿದವರಿಗೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಗಾಡಿ ಬಿಡುವ ಮಾತು ಮನೆಯವರ ಬಾಯಿಂದ ಬರುವುದಕ್ಕಿಂತ ಅಲ್ಲಿಂದ ಬಂದರೆ ನುಂಗುವುದು ಸ್ವಲ್ಪ ಸುಲಭ. ಒಂದು ಮಾತು ನೆನಪಿಡಿ, ಗಾಡಿ ಬಿಡಿಸುವುದಾದರೆ ಕಟ್ಟೆಗೆ ಹೋಗುವ ಬೇರೆ ದಾರಿ ಮೊದಲು ಮಾಡಿಕೊಡಿ. ಗೊತ್ತಿರುವ ಆಟೋದವನು, ದಿನಾ ಇಂತಿಷ್ಟು ಹೊತ್ತಿಗೆ, ತಿಂಗಳಿಗೆ ಇಂತಿಷ್ಟು ಅಂತ. ದುಡ್ಡು ಅವರ ಕೈಯಿಂದಲೇ ಹೋಗಲಿ.

ಅವ್ವನ ಬಸ್ಸಿನ ಕಥೆ ಇದಕ್ಕೆ ತಿರುಗಾಮುರುಗಾ. ಶಕ್ತಿ ಯೋಜನೆ 2023ರ ಜೂನ್ 11ಕ್ಕೆ ಶುರುವಾದಾಗಿನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ನಮ್ಮ ವಾಯವ್ಯ ಸಾರಿಗೆಯಲ್ಲೂ, ವಿಜಯಪುರದ ಕಡೆಯ ಕಲ್ಯಾಣ ಕರ್ನಾಟಕ ಸಾರಿಗೆಯಲ್ಲೂ. ಅವ್ವ ಬಾದಾಮಿ ಹತ್ತಿರದ ಬನಶಂಕರಿಗೆ ಹೋಗಿ ಬಂದಳು, ವಿಜಯಪುರದಲ್ಲಿರುವ ದೊಡ್ಡವ್ವನ ಮನೆಗೆ ಒಬ್ಬಳೇ ಹೊರಟು ನಿಂತಳು. ಗಂಡನನ್ನು ದುಡ್ಡು ಕೇಳದೆ ಮಾಡಿದ ಮೊದಲ ಪ್ರಯಾಣ ಅದು ಅವಳ ಜೀವನದಲ್ಲಿ. ಬೇಡ ಅನ್ನಲು ಬಾಯಿ ತೆರೆದವಳು ತಡೆದುಕೊಂಡೆ. ಗದ್ದಲದ ಹೊತ್ತು ಬಿಟ್ಟು ಹೋಗು, ಮುಂದಿನ ಬಾಗಿಲ ಹತ್ತಿರ ಕೂಡು, ಬಸ್ಸು ಪೂರಾ ನಿಂತ ಮೇಲೆ ಏಳು ಅಂದೆ. ನಮ್ಮಿಬ್ಬರ ನಂಬರ್, ಗುಳಿಗೆ ಹೆಸರು ಬರೆದ ಚೀಟಿಯನ್ನು ಚೀಲದಲ್ಲಿ ಇಟ್ಟುಕೊಳ್ಳುವುದು ಅವಳದೇ ವಿಚಾರ.

ದುಡ್ಡು, ಮೊಬೈಲು

ಅವರ ಪಾಸ್‌ಬುಕ್ ಅವರ ಕಪಾಟಿನಲ್ಲಿ ಇರಲಿ. ಅಪ್ಪನ ಪಿಂಚಣಿ, ಅವ್ವನ ಗೃಹಲಕ್ಷ್ಮಿಯ 2000 ರೂಪಾಯಿ, ಅವು ಎಲ್ಲಿ ಹೋಗುತ್ತವೆ ಅಂತ ನಾನು ಕೇಳುವುದಿಲ್ಲ. ಅವ್ವ ಮೊಮ್ಮಕ್ಕಳಿಗೆ ಕೊಡುತ್ತಾಳೆ, ಗುಡಿಗೆ ಕೊಡುತ್ತಾಳೆ, ಒಮ್ಮೆ ತನಗೇ ಇಳಕಲ್ ಸೀರೆ ತಂದುಕೊಂಡಳು. ಸಹಾಯ ಬೇಕಾಗುವ ಜಾಗ ಬೇರೆ ಇದೆ. ನವೆಂಬರಿನಲ್ಲಿ ಪಿಂಚಣಿದಾರರು ಜೀವಿತ ಪ್ರಮಾಣ ಪತ್ರ ಕೊಡಬೇಕಲ್ಲ, ಬೆರಳಚ್ಚು ಸವೆದು ಯಂತ್ರ ತೆಗೆದುಕೊಳ್ಳದಿದ್ದರೆ ಈಗ ಮೊಬೈಲಿನಲ್ಲಿ ಮುಖ ತೋರಿಸಿಯೂ ಮಾಡಬಹುದು. ಅದನ್ನು ನಾನು ಪಕ್ಕದಲ್ಲಿ ಕೂತು ಮಾಡಿಸುತ್ತೇನೆ, ಬಟನ್ ಅಪ್ಪನೇ ಒತ್ತುತ್ತಾರೆ.

ಮೊಬೈಲ್ ಕಲಿಸುವಾಗ ನಿಯಮ ಇದೇ. ಫೋನು ಅವರ ಕೈಯಲ್ಲೇ ಇರಬೇಕು. "ಕೊಡ್ರಿ ಇಲ್ಲಿ" ಅಂತ ಕಸಿದುಕೊಂಡು ಟಕಟಕ ಒತ್ತಿ ವಾಪಸ್ ಕೊಟ್ಟರೆ ಅವರು ಕಲಿತದ್ದು ಏನು? ಒಂದು ನೋಟುಬುಕ್ಕಿನಲ್ಲಿ, ಅವರ ಅಕ್ಷರದಲ್ಲೇ, ಮೊದಲು ಇದು ಆಮೇಲೆ ಇದು ಅಂತ ಬರೆಸಿ. ಅಕ್ಷರದ ಗಾತ್ರ ದೊಡ್ಡದು ಮಾಡಿ. ಭಾಷೆ ಕನ್ನಡ ಮಾಡಬೇಕೋ ಬೇಡವೋ ಅಂತ ಅವರನ್ನೇ ಕೇಳಿ.

ಮೋಸದ ಫೋನುಗಳ ಬಗ್ಗೆ ಒಂದು ಮಾತು ಖಂಡಿತ ಹೇಳಲೇಬೇಕು. ವಿಡಿಯೋ ಕಾಲಿನಲ್ಲಿ ಪೊಲೀಸ್ ವೇಷ ತೋರಿಸಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸುತ್ತಾರೆ. ಅಂಥ ಅರೆಸ್ಟ್ ಕಾನೂನಿನಲ್ಲೇ ಇಲ್ಲ. ಹಣ ಹೋದರೆ ತಡ ಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು, ಬೇಗ ಮಾಡಿದಷ್ಟೂ ಹಣ ತಡೆಯುವ ಸಂಭವ ಜಾಸ್ತಿ. ಆದರೆ ಬೇಗ ಮಾಡಬೇಕಾದರೆ ಅವರು ನಿಮಗೆ ಕೂಡಲೇ ಹೇಳಬೇಕು. ಹೋದ ಸಲ ನೂರು ರೂಪಾಯಿ ತಪ್ಪಾಗಿ ಕಳಿಸಿದ್ದಕ್ಕೆ ನೀವು ಬೈದಿದ್ದರೆ ಈ ಸಲ ಲಕ್ಷ ಹೋದರೂ ಹೇಳುವುದಿಲ್ಲ. "ಏನ ತಪ್ಪಾದ್ರೂ ನನಗ ಮೊದಲ ಹೇಳ್ರಿ, ನಾ ಏನೂ ಅನ್ನಂಗಿಲ್ಲ" ಅಂತ ಮಾತು ಕೊಡಿ. ಕೊಟ್ಟ ಮೇಲೆ ನಡೆಸಿ.

ದವಾಖಾನೆಯಲ್ಲಿ

ಡಾಕ್ಟರ ಮುಂದೆ ಅಪ್ಪ ಕೂತಿರುತ್ತಾರೆ, ಡಾಕ್ಟರು ನನ್ನ ಮುಖ ನೋಡಿ "ಇವರಿಗೆ ನಿದ್ದಿ ಬರ್ತದೇನು?" ಅಂತ ಕೇಳುತ್ತಾರೆ. ಮೊದಲು ನಾನೂ ಉತ್ತರ ಕೊಡುತ್ತಿದ್ದೆ. ಈಗ ಅಪ್ಪನ ಕಡೆ ತಿರುಗಿ ಸುಮ್ಮನಿರುತ್ತೇನೆ. ಒಂದೆರಡು ಸಲ ಹಾಗೆ ಮಾಡಿದರೆ ಡಾಕ್ಟರು ಅವರ ಜೊತೆಯೇ ಮಾತಾಡಲು ಶುರು ಮಾಡುತ್ತಾರೆ. ಕೇಳಬೇಕಾದ ಪ್ರಶ್ನೆಗಳನ್ನು ಹಿಂದಿನ ದಿನವೇ ಅಪ್ಪ ಚೀಟಿಯಲ್ಲಿ ಬರೆದುಕೊಂಡಿರುತ್ತಾರೆ. ಬಿಟ್ಟುಹೋದದ್ದು ಇದ್ದರೆ ಮಾತ್ರ, ಹೇಳಲಾ ಅಂತ ಅಪ್ಪನನ್ನು ಕೇಳಿ ನಾನು ಹೇಳುತ್ತೇನೆ.

ನಿಜವಾಗಿ ಕೈ ಮೀರಿದಾಗ

ಎಲ್ಲಾ ಅವರ ಇಷ್ಟಕ್ಕೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಕೀಲಿ ಎಲ್ಲಿಟ್ಟೆ ಅಂತ ಮರೆಯುವುದು ವಯಸ್ಸು. ದಿನಾ ನಡೆದ ಓಣಿಯಲ್ಲಿ ಮನೆ ದಾರಿ ತಪ್ಪುವುದು, ಗ್ಯಾಸ್ ಹಚ್ಚಿಟ್ಟು ಮತ್ತೆ ಮತ್ತೆ ಮರೆಯುವುದು, ಲೆಕ್ಕ ಬಲ್ಲವರಿಗೆ ಚಿಲ್ಲರೆ ಎಣಿಸಲು ಬಾರದಿರುವುದು, ಇವು ಬೇರೆ. ಕೂಡಲೇ ಡಾಕ್ಟರಿಗೆ ತೋರಿಸಿ. ಎರಡೇ ದಿನದಲ್ಲಿ ಇದ್ದಕ್ಕಿದ್ದಂತೆ ಗಲಿಬಿಲಿ ಮಾತು ಶುರುವಾದರೆ ಅದು ಮರೆವಿನ ರೋಗವೇ ಆಗಿರಬೇಕಾಗಿಲ್ಲ. ಮೂತ್ರದ ಸೋಂಕು, ರಕ್ತದಲ್ಲಿ ಸೋಡಿಯಂ ಕಡಿಮೆ ಆಗುವುದು, ಹೊಸ ಗುಳಿಗೆ, ಇವುಗಳಿಂದಲೂ ವಯಸ್ಸಾದವರಿಗೆ ಹಾಗೆ ಆಗುತ್ತದೆ, ಔಷಧಕ್ಕೆ ಬಗ್ಗುತ್ತದೆ. ಮುಖ ಒಂದು ಕಡೆ ವಾಲಿದರೆ, ಒಂದು ಕೈ ಸೋತರೆ, ಮಾತು ತೊದಲಿದರೆ ಕಾಯಬೇಡಿ, 108. ಮನಸ್ಸು ಬಹಳ ಕುಗ್ಗಿದ್ದರೆ ಟೆಲಿ-ಮಾನಸ್ 14416ರಲ್ಲಿ ಮಾತಾಡಬಹುದು. ಹಿರಿಯರ ಯಾವುದೇ ತೊಂದರೆಗೆ 14567 ಸಹಾಯವಾಣಿ ಇದೆ, ಅವರೇ ಫೋನ್ ಮಾಡಬಹುದು. ನಂಬರನ್ನು ಗೋಡೆ ಮೇಲೆ ದೊಡ್ಡದಾಗಿ ಬರೆದಿಡಿ.

ಒಂಟಿಯಾಗಿ ಬಿಡಲು ಆಗದ ಸ್ಥಿತಿ ಬಂದರೂ ಕೇಳುವುದಕ್ಕೆ ಏನಾದರೂ ಉಳಿದೇ ಇರುತ್ತದೆ. ಸ್ನಾನ ಮುಂಜಾನೆಯೋ ಮಧ್ಯಾಹ್ನವೋ, ಯಾವ ಅಂಗಿ, ಹಾಸಿಗೆ ಯಾವ ಕಡೆ, ನೋಡಿಕೊಳ್ಳಲು ಯಾರು ಬರಲಿ. ಕೇಳುತ್ತಾ ಹೋಗಿ.

ಮಕ್ಕಳ ನಡುವಿನ ವಾದ ಅವರ ಮುಂದೆ ಬೇಡ. ನಾನೂ ತಮ್ಮನೂ ಮೊದಲು ನಮ್ಮಲ್ಲೇ ಜಗಳ ಮುಗಿಸಿ ಆಮೇಲೆ ಹೋಗುತ್ತೇವೆ. ನೋಡಿಕೊಳ್ಳುವ ಕೆಲಸ ಪೂರಾ ಒಬ್ಬ ಸೊಸೆಯ ಮೇಲೋ ಮಗಳ ಮೇಲೋ ಬಿದ್ದಿದ್ದರೆ ದೂರದಿಂದ ಸಲಹೆ ಕೊಡುವವರು ಮೊದಲು ಹೋಗಿ ಎಂಟು ದಿನ ಅವಳ ಕೆಲಸ ಹಿಡಿಯಲಿ.

ಆಸ್ತಿ ಮಾತು ಅವರು ಹಾಸಿಗೆ ಹಿಡಿದಾಗ ಎತ್ತಬೇಡಿ. ವಾಟ್ನಿ (ಆಸ್ತಿ ಪಾಲು), ಉತಾರದಲ್ಲಿ (ಪಹಣಿಯಲ್ಲಿ) ಹೆಸರು, ಇವೆಲ್ಲ ಅವರು ಗಟ್ಟಿ ಇದ್ದಾಗ, ಅವರೇ ಎತ್ತಿದಾಗ. ನೋಡಿಕೊಳ್ಳುವ ಕರಾರಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ಮಕ್ಕಳು ನೋಡಿಕೊಳ್ಳದಿದ್ದರೆ ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಲ್ಲಿ ದಾರಿ ಇದೆ. ಆ ಕರಾರು ಪತ್ರದಲ್ಲೇ ಬರೆದಿರುವುದು ಒಳ್ಳೆಯದು. ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಕೊಡಬೇಕು. ಇದನ್ನು ನಾನೇ ಅಪ್ಪನಿಗೆ ಓದಿ ಹೇಳಿದೆ. ಅವರ ಹಕ್ಕು ಅವರಿಗೆ ಗೊತ್ತಿರಬೇಕು, ಅದು ನನ್ನ ವಿರುದ್ಧದ ಹಕ್ಕೇ ಆಗಿದ್ದರೂ.

ಬೆಳಗಾವಿಯ ಆ ಮನೆ ನಾವು ಬಿಟ್ಟೆವು. ಏಪ್ರಿಲ್, ಮೇ ತಿಂಗಳು ಬಾಗಲಕೋಟೆ ಬಿಸಿಲು ತಾಳಲಾರದಾಗ ಇಬ್ಬರೂ ನಮ್ಮಲ್ಲಿಗೆ ಬರುತ್ತಾರೆ. ಬೆಳಗಾವಿಯ ಮಳೆ ಹಿಡಿಯುವ ಮುಂಚೆ ಹೊರಟುಬಿಡುತ್ತಾರೆ, ಅಪ್ಪನಿಗೆ ಆ ಜಡಿಮಳೆ ಆಗುವುದಿಲ್ಲ. ಈ ಏರ್ಪಾಡು ಅಪ್ಪನದೇ.

ಹೋದ ತಿಂಗಳು ಅವರೇ ಫೋನ್ ಮಾಡಿದ್ದರು. "ತಂಗಿ, ಆ ಗೌಂಡಿ ನಂಬರ್ ಐತೇನು? ಪಾಯಖಾನಿ ಒಳಗೂ ಒಂದು ಹಿಡಿಕಿ ಹಾಕಿಸಬೇಕಂತ ಮಾಡೀನಿ" ಅಂದರು. ಐತ್ರೀ ಅಪ್ಪಾ ಅಂದೆ. ಎಷ್ಟು ಎತ್ತರದಲ್ಲಿ ಅಂತ ಕೇಳಿದೆ. ತಡಿ, ನಿಮ್ಮವ್ವನ್ನೂ ಕೇಳತೀನಿ ಅಂದು ಫೋನು ಹಿಡಿದುಕೊಂಡೇ ಒಳಗೆ ಹೋದರು.